ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್ ಡಿಸ್ಕ್ ಓದದಿದ್ದಾಗ ನಾನು ದೋಷ ಹುಡುಕಿದ ಬಗೆ

ಮಂಡ್ಯದಲ್ಲಿ ಕಂಪ್ಯೂಟರ್ ದುರಸ್ತಿ ಮಾಡಿಕೊಂಡಿರುವ ನನ್ನ ಬಳಿಗೆ ಡಿವಿಡಿ ಡ್ರೈವ್ ಇರುವ ಹಳೆಯ ಲ್ಯಾಪ್‌ಟಾಪುಗಳು ಈಗಲೂ ಬರುತ್ತವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಈ ಡ್ರೈವ್ ಇರುವುದಿಲ್ಲವಾದ್ದರಿಂದ, ಮದುವೆ, ನಾಮಕರಣ, ನಾಟಕಗಳ ಡಿಸ್ಕುಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವ ಮನೆಗಳಿಗೆ ಹಳೆಯ ಯಂತ್ರವೇ ಆಧಾರವಾಗಿದೆ. ತರುವವರಲ್ಲಿ ಹೆಚ್ಚಿನವರು "ಡ್ರೈವ್ ಹೋಗಿದೆ, ಬೇರೆ ಹಾಕಿಕೊಡಿ" ಎಂದೇ ಕೇಳುತ್ತಾರೆ. ಆದರೆ ಡಿಸ್ಕ್ ಓದದಿರುವುದಕ್ಕೆ ಡಿಸ್ಕೇ ಕಾರಣವಾಗಿರಬಹುದು, ತಂತ್ರಾಂಶ ಕಾರಣವಾಗಿರಬಹುದು, ಜೋಡಣೆ ಸಡಿಲವಾಗಿರಬಹುದು, ಲೆನ್ಸ್ ಮಾಸಿರಬಹುದು. ಇವೆಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಿದ ಮೇಲಷ್ಟೇ ಡಿಸ್ಕನ್ನು ಓದುವ ಲೇಸರ್ ಸತ್ತಿದೆಯೆಂದು ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಮೇಷ್ಟರೊಬ್ಬರ ಲ್ಯಾಪ್‌ಟಾಪಿನಲ್ಲಿ ಈ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಅನುಸರಿಸಿದ್ದರಿಂದ ಅದನ್ನೇ ಇಲ್ಲಿ ವಿವರಿಸುತ್ತೇನೆ.

ಊರಿನವರು ಆಡಿದ ಪೌರಾಣಿಕ ನಾಟಕಗಳ ವಿಡಿಯೊವನ್ನು ಮೇಷ್ಟರು ಡಿವಿಡಿಗಳಲ್ಲಿ ಬರೆಸಿಟ್ಟುಕೊಂಡಿದ್ದರು. "ಇದರಲ್ಲಿ ಶಕುನಿ ಪಾತ್ರ ಮಾಡಿದವರು ಈಗಿಲ್ಲ ಕಣಪ್ಪ. ಡ್ರೈವ್ ಹೋದರೆ ಹೋಗಲಿ, ಡಿಸ್ಕಿನಲ್ಲಿರೋದು ಉಳಿಸಿಕೊಡು" ಎಂದರು. "ಡಿಸ್ಕಿನ ತಪ್ಪೋ ಡ್ರೈವಿನ ತಪ್ಪೋ ಮೊದಲು ನೋಡ್ತೀನಿ ಮೇಷ್ಟ್ರೇ, ಅಲ್ಲಿವರೆಗೂ ಡಿಸ್ಕನ್ನ ಯಾವ ಬಟ್ಟೇಲೂ ಒರೆಸಬೇಡಿ" ಎಂದು ಹೇಳಿ ಯಂತ್ರವನ್ನು ತೆಗೆದುಕೊಂಡೆ.

ಮೊದಲ ಕೆಲಸ ಕಿವಿಯದು. ಡಿಸ್ಕ್ ಹಾಕಿದಾಗ ಮೋಟಾರು ವೇಗ ಹಿಡಿಯುತ್ತಿತ್ತು, ಕ್ಷಣ ಕಾಲ ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು, ಕೊನೆಗೆ ಸುಮ್ಮನಾಗಿ "ಡಿಸ್ಕ್ ಹಾಕಿ" ಎಂಬ ಸಂದೇಶ ಪರದೆಯ ಮೇಲೆ ಬರುತ್ತಿತ್ತು. ಟ್ರೇ ಹೊರಗೆ ಬರುತ್ತಿತ್ತು. ಎಂದರೆ ವಿದ್ಯುತ್ ತಲುಪುತ್ತಿದೆ, ಡಿಸ್ಕನ್ನು ತಿರುಗಿಸುವ ಸ್ಪಿಂಡಲ್ ಮೋಟಾರು ಸರಿಯಿದೆ, ಲೆನ್ಸ್ ಡಿಸ್ಕಿನ ಮೇಲ್ಮೈಯನ್ನು ಹುಡುಕಿ ಸೋಲುತ್ತಿದೆ. ಮೋಟಾರು ತಿರುಗದೇ ಇದ್ದಿದ್ದರೆ ನಾನು ಹುಡುಕುವ ಜಾಗವೇ ಬೇರೆಯಾಗುತ್ತಿತ್ತು.

ಬಳಿಕ ನನ್ನ ಬಳಿ ಇರುವ, ಬೇರೆ ಡ್ರೈವಿನಲ್ಲಿ ಚೆನ್ನಾಗಿ ಓದುತ್ತವೆಂದು ಗೊತ್ತಿರುವ ಡಿಸ್ಕುಗಳನ್ನು ಹಾಕಿ ನೋಡಿದೆ. ಹಾಡಿನ ಸಿಡಿ ಓದಿತು. ಕಾರ್ಖಾನೆಯಲ್ಲಿ ಅಚ್ಚಾದ ಡಿವಿಡಿ ಬಹಳ ತಡವಾಗಿ ತೆರೆದುಕೊಂಡು ಮಧ್ಯೆ ಮಧ್ಯೆ ತಡವರಿಸಿತು. ಮನೆಯಲ್ಲಿ ಬರೆದ ಡಿವಿಡಿ-ಆರ್ ತೆರೆದುಕೊಳ್ಳಲೇ ಇಲ್ಲ. ಇಂಥ ಸ್ಥಿತಿಯನ್ನು ಕಂಡ ಕೂಡಲೇ ಡಿವಿಡಿ ಲೇಸರ್ ಸತ್ತಿದೆ ಎಂದು ತೀರ್ಮಾನಿಸುವವರಿದ್ದಾರೆ. ಡ್ರೈವಿನಲ್ಲಿ ಸಿಡಿಗೆ 780 ನ್ಯಾನೊಮೀಟರ್ ತರಂಗಾಂತರದ ಅವಗೆಂಪು ಲೇಸರ್, ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು ಲೇಸರ್ ಇರುವುದರಿಂದ ಆ ಊಹೆ ಪೂರ್ತಿ ನಿರಾಧಾರವೇನಲ್ಲ. ಆದರೆ ಎರಡೂ ಕಿರಣಗಳು ಸಾಮಾನ್ಯವಾಗಿ ಒಂದೇ ಲೆನ್ಸಿನ ಮೂಲಕ ಹೊರಬರುತ್ತವೆ. ಸಿಡಿಯಲ್ಲಿ ದತ್ತಾಂಶದ ಸಾಲುಗಳ ನಡುವೆ 1.6 ಮೈಕ್ರೊಮೀಟರ್ ಅಂತರವಿದ್ದರೆ ಡಿವಿಡಿಯಲ್ಲಿ ಅದು 0.74 ಮೈಕ್ರೊಮೀಟರ್ ಮಾತ್ರ. ಮಾಸಿದ ಕನ್ನಡಕದಲ್ಲಿ ದಪ್ಪಕ್ಷರ ಕಾಣಿಸಿ ಸಣ್ಣಕ್ಷರ ಕಾಣಿಸದಿರುವ ಹಾಗೆ, ಲೆನ್ಸಿನ ಮೇಲೆ ಪೊರೆ ಕಟ್ಟಿದಾಗ ಮೊದಲು ಕೈಕೊಡುವುದು ಡಿವಿಡಿಯೇ, ಅದರಲ್ಲೂ ಬಣ್ಣದ ಪದರದ ಮೇಲೆ ಬರೆದ, ಪ್ರತಿಫಲನ ಕಡಿಮೆಯಿರುವ ಡಿವಿಡಿ-ಆರ್. ಹಂತಹಂತವಾಗಿ ಹದಗೆಟ್ಟ ಈ ಓದು ನನಗೆ ಲೆನ್ಸಿನ ಕಡೆಗೇ ಬೆರಳು ತೋರಿಸಿತು.

ಆದರೂ ತಂತ್ರಾಂಶವನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಯಂತ್ರದ ಭಾಗಗಳ ಪಟ್ಟಿ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಹೆಸರು ದೋಷ ಸೂಚಿಸುವ ಹಳದಿ ಗುರುತಿಲ್ಲದೆ ಕಾಣಿಸುತ್ತಿತ್ತು. ಡ್ರೈವ್ ಕಣ್ಮರೆಯಾಗಿ 19 ಅಥವಾ 39 ಎಂಬ ದೋಷ ಸಂಖ್ಯೆ ಕಾಣಿಸಿದರೆ, ಹಿಂದೆ ಹಾಕಿ ತೆಗೆದ ಯಾವುದಾದರೂ ಡಿಸ್ಕ್ ಬರೆಯುವ ತಂತ್ರಾಂಶವು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಟ್ಟುಕೊಳ್ಳುವ ಜಾಗ) ಉಳಿಸಿಹೋದ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬ ನಮೂದುಗಳು ಅನೇಕ ವೇಳೆ ಕಾರಣವಾಗಿರುತ್ತವೆ. ರಿಜಿಸ್ಟ್ರಿಯ ಪ್ರತಿ ಇಟ್ಟುಕೊಂಡು ಅವನ್ನು ಅಳಿಸಿ ಯಂತ್ರವನ್ನು ಮತ್ತೆ ಆರಂಭಿಸಿದರೆ ಡ್ರೈವ್ ಮರಳುತ್ತದೆ. ವಿಂಡೋಸ್ 8ರಿಂದೀಚೆಗೆ ಡಿವಿಡಿ ಸಿನಿಮಾ ನೋಡುವ ಸೌಲಭ್ಯ ವಿಂಡೋಸ್ ಜೊತೆಗೆ ತಾನಾಗಿ ಬರುವುದಿಲ್ಲ ಎಂಬುದೂ ಬಹಳ ಮಂದಿಗೆ ಗೊತ್ತಿಲ್ಲ. ಫೈಲುಗಳು ಕಾಣಿಸುತ್ತಿದ್ದು ಚಿತ್ರ ಮಾತ್ರ ಓಡದಿದ್ದರೆ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶ ಹಾಕಿದರೆ ಸಾಕು. ಮೇಷ್ಟರ ಯಂತ್ರವನ್ನು ನಾನು ವಿಂಡೋಸಿನ ಬದಲು ಪೆನ್‌ಡ್ರೈವಿನಲ್ಲಿದ್ದ ಲಿನಕ್ಸ್ ಎಂಬ ಬೇರೆ ಕಾರ್ಯಾಚರಣ ವ್ಯವಸ್ಥೆಯಿಂದ ಆರಂಭಿಸಿ ಅದೇ ಡಿಸ್ಕನ್ನು ಹಾಕಿದಾಗ, ಅಲ್ಲಿಯೂ ಓದಲಾಗದ ಸೆಕ್ಟರುಗಳ (ಡಿಸ್ಕಿನ ದತ್ತಾಂಶದ ಪುಟ್ಟ ತುಣುಕುಗಳ) ಸಂದೇಶವೇ ಸಾಲುಗಟ್ಟಿತು. ವಿಂಡೋಸಿನ ಮೇಲಿನ ಅನುಮಾನ ಅಲ್ಲಿಗೆ ತೀರಿತು.

ಜೋಡಣೆಯನ್ನು ನೋಡುವುದು ಸುಲಭ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಮತ್ತು ಬ್ಯಾಟರಿ ತೆಗೆದು, ತಳದಲ್ಲಿ ಡ್ರೈವನ್ನು ಹಿಡಿದಿದ್ದ ಒಂದು ಸ್ಕ್ರೂ ಬಿಚ್ಚಿದರೆ ಡ್ರೈವ್ ಪಕ್ಕಕ್ಕೆ ಜಾರಿ ಹೊರಬರುತ್ತದೆ. ಡ್ರೈವನ್ನು ಲ್ಯಾಪ್‌ಟಾಪಿಗೆ ಸೇರಿಸುವ ಸ್ಲಿಮ್‌ಲೈನ್ ಸಾಟಾ ಜೋಡಣೆಯ ಪಿನ್ನುಗಳಲ್ಲಿ ಕಿಲುಬಿರಲಿಲ್ಲ. ಮತ್ತೆ ಬಿಗಿಯಾಗಿ ಕೂರಿಸಿದರೂ ವ್ಯತ್ಯಾಸವಾಗಲಿಲ್ಲ.

ಇನ್ನು ಉಳಿದದ್ದು ಲೆನ್ಸ್. ಮುಂಭಾಗದ ಸಣ್ಣ ರಂಧ್ರಕ್ಕೆ ನೇರ ಮಾಡಿದ ಪೇಪರ್ ಕ್ಲಿಪ್ಪನ್ನು ತೂರಿಸಿ ಟ್ರೇ ಎಳೆದು, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಶುದ್ಧವಾದ ಲೆನ್ಸಿನ ಮೇಲೆ ತಿಳಿನೀಲಿ ಹೊಳಪೊಂದು ಓಡಾಡುತ್ತದೆ. ಇಲ್ಲಿ ಆ ಹೊಳಪಿನ ಬದಲು ಕಂದು ಬಣ್ಣದ ತೆಳ್ಳನೆಯ ಪೊರೆಯಿತ್ತು, ಅದರ ಅಂಚಿನಲ್ಲಿ ನೂಲಿನ ಎಳೆಯೊಂದು ಅಂಟಿಕೊಂಡಿತ್ತು. ಡಿಸ್ಕ್ ಕೂರುವ ಗುಂಬದ ಸುತ್ತಲಿನ ರಬ್ಬರ್ ಉಂಗುರದಲ್ಲಿಯೂ ಅದೇ ಜಿಡ್ಡು. ವಿಚಾರಿಸಿದಾಗ ಮೇಷ್ಟರ ಮನೆಯ ಹಿಂದೆಯೇ ಆಲೆಮನೆಯಿದೆಯೆಂದು ತಿಳಿಯಿತು. ಕಬ್ಬಿನ ಸಿಪ್ಪೆ ಉರಿಸಿ ಬೆಲ್ಲ ಕಾಯಿಸುವಾಗ ಏಳುವ ಹೊಗೆ ಮತ್ತು ಮಸಿ ಗಾಳಿಯ ಜೊತೆ ಕೋಣೆಗೆ ಬಂದು, ಲ್ಯಾಪ್‌ಟಾಪಿನ ಫ್ಯಾನ್ ಎಳೆದುಕೊಂಡ ಗಾಳಿಯ ದಾರಿಯಲ್ಲಿ ಡ್ರೈವಿನೊಳಗೂ ಕೂತಿದೆ. ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರ್ ನೋಡುವವರು ಇದನ್ನು ಗಮನದಲ್ಲಿಡಲೇಬೇಕು. ಒಣ ಧೂಳಿನಂತೆ ಇದು ಊದಿದರೆ ಹೋಗುವುದಿಲ್ಲ. ಬ್ರಷ್ ಅಂಟಿಸಿದ ಲೆನ್ಸ್ ಕ್ಲೀನರ್ ಡಿಸ್ಕುಗಳನ್ನು ನಾನು ಲ್ಯಾಪ್‌ಟಾಪಿನಲ್ಲಿ ಬಳಸುವುದೇ ಇಲ್ಲ. ಜಿಡ್ಡನ್ನು ಅವು ತೆಗೆಯುವುದಿಲ್ಲ, ತೆಳುವಾದ ಡ್ರೈವಿನಲ್ಲಿ ಬ್ರಷ್ ಲೆನ್ಸಿಗೆ ತಗಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ರಬ್ಬರ್ ಬ್ಲೋವರಿನಿಂದ ಎಳೆಯನ್ನು ಊದಿ ತೆಗೆದ ನಂತರ, ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ತೊಟ್ಟಿಕ್ಕದಂತೆ ಒತ್ತಿ ಹಿಂಡಿ, ಲೆನ್ಸಿನ ಮಧ್ಯದಿಂದ ಅಂಚಿಗೆ ಬರಿ ತಾಗಿಸುವಷ್ಟು ಹಗುರವಾಗಿ ಸುತ್ತಿಸಿದೆ. ಲೆನ್ಸ್ ಪ್ಲಾಸ್ಟಿಕ್ಕಿನದು, ಕೂದಲಿನಷ್ಟು ತೆಳ್ಳಗಿನ ತಂತಿಗಳ ಮೇಲೆ ತೇಲುತ್ತಿರುತ್ತದೆ. ಬೆರಳಿನ ಭಾರ ಬಿದ್ದರೆ ತಂತಿ ಬಾಗುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇರುವುದರಿಂದ ಅದನ್ನು ಎಂದಿಗೂ ಮುಟ್ಟಿಸಬಾರದು. ಕಡ್ಡಿಯ ತುದಿ ಚಹಾದ ಬಣ್ಣಕ್ಕೆ ತಿರುಗಿತು. ಕಡ್ಡಿ ಬದಲಿಸುತ್ತ, ಅದರಲ್ಲಿ ಬಣ್ಣ ಕಾಣಿಸದಾಗುವ ತನಕ ಮುಂದುವರಿಸಿದೆ. ಬಳಿಕ ರಬ್ಬರ್ ಉಂಗುರವನ್ನೂ ಒರೆಸಿ, ಎಲ್ಲ ಪೂರ್ತಿ ಆರಿದ ಮೇಲೆ ಡ್ರೈವನ್ನು ಕೂರಿಸಿದೆ. ಲೇಸರಿನ ಪಕ್ಕದಲ್ಲಿರುವ ಪುಟ್ಟ ತಿರುಪನ್ನು ತಿರುಗಿಸಿ ಶಕ್ತಿ ಹೆಚ್ಚಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದರಿಂದ ಲೇಸರ್ ಬೆಳಕು ಕೊಡುವ ಡಯೋಡ್ ಬೇಗ ಸುಟ್ಟುಹೋಗುವ ಸಂಭವ ಇರುವುದರಿಂದ ನಾನು ಆ ದಾರಿ ಹಿಡಿಯುವುದಿಲ್ಲ.

ಅಚ್ಚಾದ ಡಿವಿಡಿ ತಕ್ಷಣ ತೆರೆದುಕೊಂಡಿತು. ನಾಟಕದ ಡಿಸ್ಕುಗಳಲ್ಲಿಯೂ ಹೆಚ್ಚಿನವು ಓದಿದವು. ಉಳಿದವು ಕೊನೆಯ ಭಾಗದಲ್ಲಿ ಮಾತ್ರ ನಿಲ್ಲುತ್ತಿದ್ದವು. ಡಿಸ್ಕನ್ನು ಒಳಗಿನಿಂದ ಹೊರಗೆ ಓದಲಾಗುತ್ತದೆ, ಕೊನೆಯ ಭಾಗವಿರುವುದು ಬೆರಳು ತಗಲುವ ಹೊರ ಅಂಚಿನಲ್ಲಿ. ಈಗ ಡಿಸ್ಕುಗಳನ್ನು ಒರೆಸುವುದು ನ್ಯಾಯವಾಗಿತ್ತು: ನಡುವಿನಿಂದ ಅಂಚಿಗೆ ನೇರವಾಗಿ, ಮೆತ್ತನೆಯ ಬಟ್ಟೆಯಲ್ಲಿ. ಸುತ್ತಿ ಒರೆಸಿದಾಗ ಗೀರು ಬಿದ್ದರೆ ಅದು ದತ್ತಾಂಶದ ಸಾಲಿನುದ್ದಕ್ಕೂ ಸಾಗಿ, ಡಿಸ್ಕಿನಲ್ಲೇ ಬರೆದಿರುವ, ದೋಷ ಸರಿಪಡಿಸುವ ಸಂಕೇತಕ್ಕೂ ಮೀರಿದ ನಷ್ಟ ಮಾಡುತ್ತದೆ.

ಹಟ ಹಿಡಿದ ಡಿಸ್ಕುಗಳಿಗೆ ಹಾಳಾದ ಡಿಸ್ಕಿನಿಂದ ನಕಲು ತೆಗೆಯುವ, ಲಿನಕ್ಸಿನ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿದೆ. ಸೆಕ್ಟರಿನ ಅಳತೆಯನ್ನು 2048 ಬೈಟ್ ಎಂದು ಕೊಟ್ಟರೆ, ಅದು ಮೊದಲು ಸುಲಭವಾಗಿ ಬರುವುದನ್ನೆಲ್ಲ ನಕಲು ಮಾಡಿ, ಓದಲಾಗದ ಜಾಗಗಳನ್ನು ಒಂದು ಮ್ಯಾಪ್ ಫೈಲಿನಲ್ಲಿ ಗುರುತಿಟ್ಟುಕೊಳ್ಳುತ್ತದೆ. ಅದೇ ಡಿಸ್ಕನ್ನು ಯುಎಸ್‌ಬಿ ಮೂಲಕ ಜೋಡಿಸಿದ ಹೊರಗಿನ ಡ್ರೈವಿಗೆ ಹಾಕಿ, ಅದೇ ಮ್ಯಾಪ್ ಫೈಲ್ ಕೊಟ್ಟು ಮತ್ತೆ ಓಡಿಸಿದರೆ ಉಳಿದ ಜಾಗಗಳನ್ನಷ್ಟೇ ಪ್ರಯತ್ನಿಸುತ್ತದೆ. ಒಂದು ಡ್ರೈವ್ ಬಿಟ್ಟ ಸೆಕ್ಟರುಗಳನ್ನು ಇನ್ನೊಂದು ಓದಿಕೊಡುವುದನ್ನು ನಾನು ಇಲ್ಲಿಯೂ ಕಂಡೆ. ನಾಟಕಗಳೆಲ್ಲ ಹಾರ್ಡ್‌ಡಿಸ್ಕಿಗೆ ಬಂದವು; ಒಂದರಲ್ಲಿ ಮಂಗಳದ ಹಾಡಿನ ಕೆಲವು ಸೆಕೆಂಡುಗಳ ಚಿತ್ರ ಮಾತ್ರ ಒಡೆದು ಕಾಣುತ್ತದೆ.

ಡ್ರೈವನ್ನು ಬದಲಿಸುವ ಅಗತ್ಯ ಬರಲಿಲ್ಲ. ಮುಂದೊಂದು ದಿನ ಬಂದರೆ ಹಳೆಯದರ ದಪ್ಪ 12.7 ಮಿಲಿಮೀಟರೋ 9.5 ಮಿಲಿಮೀಟರೋ ಎಂಬುದನ್ನು ಅಳೆದೇ ಕೊಳ್ಳಬೇಕು, ಟ್ರೇಯ ಮುಂದಿನ ಪ್ಲಾಸ್ಟಿಕ್ ಮುಖಪಟ್ಟಿಯನ್ನು ಹಳೆಯದರಿಂದ ಬಿಡಿಸಿ ಹಾಕಿಕೊಳ್ಳಬೇಕು ಎಂದು ಮೇಷ್ಟರಿಗೆ ಬರೆದುಕೊಟ್ಟಿದ್ದೇನೆ. ಬೆಲ್ಲ ಕಾಯಿಸುವ ದಿನಗಳಲ್ಲಿ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿ ಬೀರುವಿನಲ್ಲಿಡುವುದಾಗಿ ಅವರೂ ಒಪ್ಪಿದ್ದಾರೆ.