ಕಾಂಪೌಂಡ್ ಬದಿಗೆ ಬಿದಿರಿನ ಮರೆ

ಮೈಸೂರಿನ ಬಡಾವಣೆಗಳಲ್ಲಿ ಅಕ್ಕಪಕ್ಕ ಎರಡಂತಸ್ತು ಎದ್ದ ಮೇಲೆ ಐದಡಿ ಕಾಂಪೌಂಡು ಯಾವ ಮರೆಯೂ ಅಲ್ಲ. ಪಕ್ಕದ ಮನೆಯ ಮಹಡಿ ಕಿಟಕಿಗೆ ಅಡ್ಡ ಬರಬೇಕೆಂದರೆ 12ರಿಂದ 15 ಅಡಿ ಹಸಿರು ಬೇಕು. ಸಣ್ಣ ಪಟ್ಟಿ ಜಾಗದಲ್ಲಿ ಅಷ್ಟು ಎತ್ತರ ಕೊಡುವುದು ಬಿದಿರು. ಆದರೆ ಸಿಕ್ಕಿದ ಬಿದಿರೆಲ್ಲ ಆಗಿಬರುವುದಿಲ್ಲ.

ನಾನು ಹಾಕುವುದು ಬ್ಯಾಂಬೂಸಾ ಮಲ್ಟಿಪ್ಲೆಕ್ಸ್. ನರ್ಸರಿಯಲ್ಲಿ ಹೆಡ್ಜ್ ಬ್ಯಾಂಬೂ ಅಂದರೆ ಕೊಡುತ್ತಾರೆ. ಗಳ ಹೆಬ್ಬೆರಳಿನ ದಪ್ಪ ದಾಟುವುದು ಕಡಿಮೆ, ಕೊಂಬೆ ಕೆಳಗಿನಿಂದಲೇ ಒಡೆಯುತ್ತದೆ. ಹಸಿರು ಗೆರೆಯ ಹಳದಿ ಬಿದಿರು ನೋಡಲು ಚೆಂದ, ಆದರೆ ಮೆಳೆ ದೊಡ್ಡದಾಗಿ ಬುಡ ಬೋಳಾಗುತ್ತದೆ; ಮರೆ ಬೇಕಾದ ಕಡೆಯೇ ಕಿಂಡಿ. ಮುಳ್ಳಿನ ಹೆಬ್ಬಿದಿರು ಹೊಲದ ಬದುವಿಗಿರಲಿ.

ಕೊಳ್ಳುವಾಗ ಗಿಣ್ಣನ್ನು ಹತ್ತಿರದಿಂದ ನೋಡಿ. ಗಿಣ್ಣಿಗೆ ಎರಡೇ ಕೊಂಬೆ, ಅದರ ಮೇಲೆ ಗಳದ ಒಂದು ಪಕ್ಕ ಉದ್ದಕ್ಕೆ ಚಪ್ಪಟೆಯಾಗಿ ತಗ್ಗು ಬಿದ್ದಿದ್ದರೆ ಅದು ಫಿಲೋಸ್ಟಾಕಿಸ್ ಜಾತಿ. ನೆಲದೊಳಗೇ ಓಡಿ ಪಕ್ಕದವರ ಅಂಗಳದಲ್ಲಿ ಏಳುತ್ತದೆ, ಬೇಡವೇ ಬೇಡ. ಗಳ ಗುಂಡಗಿದ್ದು ಒಂದೊಂದು ಗಿಣ್ಣಿಗೂ ಕೊಂಬೆಗಳ ಗೊಂಚಲಿದ್ದರೆ ಮೆಳೆ ಕಟ್ಟುವ ಜಾತಿ. ಎತ್ತರದ ಒಂಟಿ ಗಳಕ್ಕಿಂತ, ಗಿಡ್ಡವಾದರೂ ಮೂರು ನಾಲ್ಕು ಗಳವಿದ್ದು ಬುಡದಲ್ಲಿ ಒಂದು ಹೊಸ ಮೊಳಕೆ ಕಾಣುವ ಚೀಲ ಆರಿಸಿ.

ಗೋಡೆಯಿಂದ ಎರಡೂವರೆ ಅಡಿ ಬಿಡಿ. ಗೆಡ್ಡೆ ಪಾಯ ಕೊರೆಯುತ್ತದೆಂದಲ್ಲ, ಮೆಳೆ ಹಿಗ್ಗಿ ಗೋಡೆ ತಳ್ಳುತ್ತದೆ. ಹಿಂದೆ ಗರಗಸ ಹಿಡಿದು ಕೂರಲೂ ಜಾಗ ಬೇಕು. 30x40 ಸೈಟಿನ ಮೂರಡಿ ಸಂದಿಯಾದರೆ ನೆಲಕ್ಕೆ ಇಳಿಸಬೇಡಿ, ಎರಡಡಿ ಅಗಲ, ಎರಡಡಿ ಆಳದ ತೊಟ್ಟಿ ಕಟ್ಟಿಸಿ, ತಳದಲ್ಲಿ ನೀರು ಹೋಗಲು ತೂತು ಬಿಡಿ.

ನೆಲದಲ್ಲಾದರೆ ಎರಡಡಿ ಅಗಲ, ಎರಡಡಿ ಆಳದ ಉದ್ದನೆ ಕಾಲುವೆ ತೋಡಿಸಿ. ಕಾಂಪೌಂಡ್ ಪಕ್ಕದ ಮಣ್ಣಿನಲ್ಲಿ ಅರ್ಧ ಸಿಮೆಂಟ್ ಚಕ್ಕೆಯೇ ಇರುತ್ತದೆ, ಅದನ್ನೆಲ್ಲ ಆರಿಸಿ ಹೊರಗೆ ಹಾಕಿಸಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಗಿಡಕ್ಕೆ ಕಾಲು ಕೆಜಿ ಬೇವಿನ ಹಿಂಡಿ. ಗಿಡದಿಂದ ಗಿಡಕ್ಕೆ ಮೂರಡಿ. ಬೇಗ ಮರೆಯಾಗಲೆಂದು ಒಂದಡಿಗೊಂದು ತುರುಕಿದರೆ ಒಳಗಿನ ಗಳಕ್ಕೆ ಬೆಳಕಿಲ್ಲದೆ ಕೆಳಗಿನ ಎಲೆ ಉದುರುತ್ತದೆ. ಮಂಡ್ಯದ ನಾಲೆ ಬಯಲಿನ ಕಪ್ಪು ಮಣ್ಣಾದರೆ ಕಾಲುವೆ ಬದಲು ಒಂದಡಿ ಏರಿ ಹಾಕಿ ಅದರ ಮೇಲೆ ನೆಡಬೇಕು. ನಿಂತ ನೀರಿಗೆ ಗೆಡ್ಡೆ ಕೊಳೆಯುತ್ತದೆ. ಮೃಗಶಿರಾ, ಆರಿದ್ರಾ ಮಳೆಯ ಹೊತ್ತು ನೆಡಲು ಸರಿ.

ಗಿಡಕ್ಕೆ ಗಂಟೆಗೆ ನಾಲ್ಕು ಲೀಟರ್ ಬಿಡುವ ಎರಡು ಡ್ರಿಪ್ಪರ್. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಒಂದೂವರೆ ಗಂಟೆ ಬಿಟ್ಟರೆ 12 ಲೀಟರ್ ಸಿಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಲೆ ಸುರುಳಿಯಾದರೆ ಚಿಂತೆಯಿಲ್ಲ, ಬೆಳಿಗ್ಗೆಯೂ ಸುರುಳಿ ಬಿಚ್ಚದಿದ್ದರೆ ನೀರು ಸಾಲದು. ಎಲೆಯ ತುದಿ ಮಾತ್ರ ಕಂದಾಗಿ ಒಣಗುತ್ತಿದ್ದರೆ ಬೋರಿನ ಉಪ್ಪು ನೀರಿನ ಮೇಲೆ ಅನುಮಾನ ಪಡಿ. ಮಳೆಗಾಲದಲ್ಲಿ ತೊಳೆದು ಹೋಗುವಂತೆ ಛಾವಣಿ ನೀರನ್ನು ಅತ್ತ ತಿರುಗಿಸಿ.

ಮೊದಲ ವರ್ಷ ಜನ ಕಂಗೆಡುತ್ತಾರೆ. ನೆಟ್ಟ ಗಳ ಇದ್ದಷ್ಟೇ ಇರುತ್ತದೆ, ಇರಲೇಬೇಕು. ಬಿದಿರಿನ ಗಳ ಒಂದೇ ಮಳೆಗಾಲದಲ್ಲಿ ಪೂರ್ತಿ ಎತ್ತರಕ್ಕೇರಿ ನಿಲ್ಲುತ್ತದೆ, ಆಮೇಲೆ ಉದ್ದವೂ ಆಗದು, ದಪ್ಪವೂ ಆಗದು. ಮುಂದಿನ ವರ್ಷದ ಕಳಲೆ ಅದಕ್ಕಿಂತ ಎತ್ತರ, ಅದರ ಮುಂದಿನದು ಇನ್ನೂ ಎತ್ತರ. ಮರೆ ಅನ್ನುವಂಥದ್ದು ಮೂರನೇ ಮಳೆಗಾಲಕ್ಕೆ. ಆಷಾಢದ ಗಾಳಿಗೆ ಎಳೆ ಗಳ ಬಾಗುತ್ತದೆ; ಆರಡಿ ಎತ್ತರಕ್ಕೆ ಒಂದು ತಂತಿ ಎಳೆದು ಸಡಿಲವಾಗಿ ಕಟ್ಟಿ. ಗೋಡೆ ಕಡೆ ಎದ್ದ ಕಳಲೆಯನ್ನು ಅಡಿ ಎತ್ತರವಾಗುವ ಮೊದಲೇ ಕೈಯಲ್ಲಿ ಮುರಿಯಿರಿ. ಪಲ್ಯದ ಆಸೆ ಬೇಡ, ಈ ಜಾತಿಯದು ಕಹಿ.

ನಿಜವಾದ ಕೆಲಸ ಕಡಿಯುವುದರಲ್ಲಿದೆ. ಕಡಿಯದ ಮೆಳೆ ಒಳಗೆ ಒಣಗಿದ ಕಡ್ಡಿಯ ರಾಶಿಯಾಗಿ ಇಲಿಗೆ ಮನೆಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಕೈ ಹಾಕಿ. ಕಳಲೆ ಏಳುವ ಮಳೆಗಾಲದಲ್ಲಿ ಮುಟ್ಟಬೇಡಿ. ಈ ವರ್ಷದ ಗಳಕ್ಕೆ ಪೊರೆ ಅಂಟಿರುತ್ತದೆ, ಬೆರಳಲ್ಲಿ ಉಜ್ಜಿದರೆ ಬಿಳಿ ಪುಡಿ ಬರುತ್ತದೆ. ಎರಡನೇ ವರ್ಷದ್ದು ನುಣುಪು ಹಸಿರು. ಬಣ್ಣ ಮಾಸಿ ಬೂದು ಮಚ್ಚೆ ಕೂತದ್ದು ಮೂರು ದಾಟಿದ್ದು, ಅದನ್ನು ತೆಗೆಯಿರಿ. ಮಚ್ಚು ಬೇಡ, ಬುಡ ಸೀಳುತ್ತದೆ. ಗರಗಸದಲ್ಲಿ, ನೆಲಕ್ಕೆ ಹತ್ತಿರದ ಗಿಣ್ಣಿನ ಸ್ವಲ್ಪವೇ ಮೇಲೆ ಕೊಯ್ಯಬೇಕು. ಗಿಣ್ಣಿನ ಮೇಲೆ ಉದ್ದ ಬಿಟ್ಟರೆ ಆ ಟೊಳ್ಳು ಲೋಟದ ಹಾಗೆ ನೀರು ಹಿಡಿದು ಸೊಳ್ಳೆ ಸಾಕುತ್ತದೆ. ಹೊಸ ಗಳದ ತುದಿಯನ್ನು ಸೆಪ್ಟೆಂಬರ್ ಹೊತ್ತಿಗೆ, ಬೇಕಾದ ಎತ್ತರದಲ್ಲಿ ಗಿಣ್ಣಿನ ಮೇಲೆ ಕತ್ತರಿಸಿದರೆ ಅದು ಮತ್ತೆ ಮೇಲಕ್ಕೇರದೆ ಪಕ್ಕದ ಕೊಂಬೆ ತುಂಬುತ್ತದೆ.

ಎಲೆ ಕಪ್ಪಾಗಿ ಇರುವೆ ಸಾಲು ಕಂಡರೆ ಹಿಟ್ಟು ತಿಗಣೆ ಬಂದಿದೆ. ಪೈಪಿನ ನೀರನ್ನು ಜೋರಾಗಿ ಹೊಡೆದು, ಲೀಟರಿಗೆ 5 ಮಿಲಿ ಬೇವಿನೆಣ್ಣೆಗೆ ಸ್ವಲ್ಪ ಸೋಪು ಕಲಸಿ ಸಂಜೆ ಸಿಂಪಡಿಸಿ. ಬೇಸಿಗೆಗೆ ಮುಂಚೆ ಉದುರುವ ಎಲೆಯನ್ನು ಗುಡಿಸದೆ ಬುಡಕ್ಕೇ ಒತ್ತಿ, ತೇವ ಉಳಿಯುತ್ತದೆ. ಕೊಯ್ದ ಗಳ ಟೊಮೆಟೊಗೆ ಊರುಗೋಲು, ಹೀರೆಗೆ ಚಪ್ಪರ. ನೆರಳಲ್ಲಿ ನಿಲ್ಲಿಸಿ ಒಣಗಿಸಿದರೆ ಬೇಗ ಕೆಡುವುದಿಲ್ಲ.