ವಿದೇಶಿ ಅತಿಥಿಗಳಿಗೆ ಕೊಪ್ಪಳ ತೋರಿಸುವುದು ಹೇಗೆ?

ಹಂಪಿಗೆಂದು ದೂರದ ದೇಶಗಳಿಂದ ಬರುವ ಎಷ್ಟೋ ಜನ ರೈಲಿನ ಕಿಟಕಿಯಿಂದಲೇ ಕೊಪ್ಪಳವನ್ನು ನೋಡಿ ಮುಂದೆ ಹೋಗುತ್ತಾರೆ. ಅಂಥವರಲ್ಲಿ ಯಾರಾದರೂ ನಿಮ್ಮ ಮಗಳ ಸಹೋದ್ಯೋಗಿಯಾಗಿಯೋ ನಿಮ್ಮ ಹಳೆಯ ಸ್ನೇಹಿತರಾಗಿಯೋ ಮನೆಗೇ ಬರುವುದಾದರೆ, ಎರಡು ದಿನಗಳನ್ನು ಕೊಪ್ಪಳಕ್ಕೆಂದೇ ಮೀಸಲಿಡುವಂತೆ ಕೇಳಿಕೊಳ್ಳಿ. ನೋಡಬೇಕಾದ ಸ್ಥಳಗಳನ್ನೆಲ್ಲ ಒಂದೇ ಹಗಲಿನಲ್ಲಿ ಮುಗಿಸುವ ಆತುರ ಬೇಡ. ನಾಲ್ಕೈದು ಜಾಗಗಳನ್ನು ಆರಿಸಿಕೊಂಡು, ಪ್ರತಿಯೊಂದರಲ್ಲೂ ಅತಿಥಿಗಳು ಕುಳಿತು ನೋಡುವಷ್ಟು ಸಮಯ ಕೊಡುವುದೇ ಸರಿಯಾದ ಕ್ರಮ.

ಮೊದಲಿಗೆ ಕಾಲ ನಿರ್ಧರಿಸಿ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಬಿಸಿಲು ಸಹನೀಯವಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬರಲೇಬೇಕಾದವರನ್ನು ಬೆಳಗಿನ ಆರಕ್ಕೇ ಹೊರಡಿಸಿ, ಹನ್ನೊಂದರೊಳಗೆ ನೆರಳಿಗೆ ತನ್ನಿ. ವಿದೇಶಿಯರು ನಿಮ್ಮ ಮನೆಯಲ್ಲಿಯೇ ತಂಗುವುದಾದರೆ, ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್ ಮೂಲಕ ವಿದೇಶಿಯರ ನೋಂದಣಿ ಅಧಿಕಾರಿಗಳಿಗೆ ಸಲ್ಲಿಸಬೇಕೆಂಬ ನಿಯಮವಿದೆ. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯನ್ನು ಮೊದಲೇ ತರಿಸಿಕೊಂಡರೆ ಈ ಕೆಲಸ ಸುಲಭವಾಗುತ್ತದೆ.

ಮೊದಲ ಬೆಳಿಗ್ಗೆ ಗವಿಮಠದಿಂದ ಆರಂಭಿಸಿ. ಗವಿಸಿದ್ಧೇಶ್ವರನ ದರ್ಶನ ಮುಗಿಸಿಕೊಂಡು, ಅಲ್ಲಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ತೋರಿಸಿ. ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಈ ಶಾಸನವೂ ಊರ ಪಕ್ಕದ ಪಾಲ್ಕಿಗುಂಡು ಬೆಟ್ಟದ ಶಾಸನವೂ 1931ರಲ್ಲಿ ಬೆಳಕಿಗೆ ಬಂದವು. ಅಕ್ಷರಗಳು ಸವೆದಿರುವುದರಿಂದ ಬರೀ ಬಂಡೆಯನ್ನು ತೋರಿಸಿದರೆ ನೋಡುವವರಿಗೆ ಏನೂ ದಕ್ಕುವುದಿಲ್ಲ. ದೊಡ್ಡವರಷ್ಟೇ ಅಲ್ಲ, ಸಾಮಾನ್ಯರೂ ಶ್ರಮಪಟ್ಟರೆ ಸ್ವರ್ಗವನ್ನು ಪಡೆಯಬಲ್ಲರು ಎಂದು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ಈ ಕಲ್ಲಿನ ಮೇಲೆ ಬರೆಯಿಸಿದನೆಂದು ಹೇಳಿ, ಅವರೇ ಒಂದೊಂದು ಅಕ್ಷರವನ್ನು ಹುಡುಕುವಂತೆ ಬಿಡಿ. ಬರುವವರು ಜನವರಿಯಲ್ಲಿ ಬಂದರೆ ಮಠದ ಜಾತ್ರೆ ಮತ್ತು ಮಹಾದಾಸೋಹವನ್ನು ತಪ್ಪಿಸಬಾರದು. ಆದರೆ ರಥೋತ್ಸವದ ನೂಕುನುಗ್ಗಲಿನಲ್ಲಿ ಅವರ ಕೈ ಬಿಡಬೇಡಿ.

ಅಲ್ಲಿಂದ ಕೋಟೆಗೆ ಹೋಗಬಹುದು. ಟಿಪ್ಪು ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಇದನ್ನು ಬಲಪಡಿಸಿದ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡುತ್ತ ಪ್ರಾಣ ಕೊಟ್ಟದ್ದು ಇಲ್ಲಿಯೇ. ಅತಿಥಿ ಬ್ರಿಟನ್ನಿನವರೇ ಆಗಿದ್ದರೂ ಇದನ್ನು ಸಂಕೋಚವಿಲ್ಲದೆ ಹೇಳಿ, ಇತಿಹಾಸವನ್ನು ಮರೆಮಾಚುವುದು ಆತಿಥ್ಯವಲ್ಲ.

ಮಧ್ಯಾಹ್ನದ ಊಟ ಮನೆಯಲ್ಲಿಯೇ ಆಗಲಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಮೊಸರು, ಶೇಂಗಾ ಚಟ್ನಿ ಸಾಕು. ಕೆಂಪು ಹಿಂಡಿಯನ್ನು ತಟ್ಟೆಯ ಅಂಚಿಗೆ ಚೂರೇ ಬಡಿಸಿ, ಖಾರದ ವಿಷಯವನ್ನು ಮೊದಲೇ ತಿಳಿಸಿ. ಕುಡಿಯಲು ಸೀಲ್ ಒಡೆಯದ ಬಾಟಲಿ ನೀರನ್ನೇ ಕೊಡಿ. ರೊಟ್ಟಿ ಬಡಿಯುವುದನ್ನು ನೋಡಲು ಅಡುಗೆಮನೆಗೆ ಕರೆದರೆ ಹೆಚ್ಚಿನವರು ಸಂತೋಷಪಡುತ್ತಾರೆ, ಕೆಲವರು ತಾವೂ ಒಂದು ಬಡಿಯಲು ಕೂಡುತ್ತಾರೆ.

ಬಿಸಿಲು ಇಳಿದ ಮೇಲೆ ಇಟಗಿಗೆ ಹೊರಡಿ. ಕಲ್ಯಾಣ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಮಹಾದೇವ ದೇವಾಲಯವನ್ನು ಅಲ್ಲಿಯ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಮೆದುವಾದ ಬಳಪದ ಕಲ್ಲನ್ನು ಬಳಸಿದ್ದರಿಂದಲೇ ಕುಸುರಿ ಇಷ್ಟು ಸೂಕ್ಷ್ಮವಾಗಿ ಮೂಡಿದೆ ಎಂಬುದನ್ನು ಒಂದು ಕಂಬದ ಪಕ್ಕ ನಿಂತು ವಿವರಿಸಿ. ಸಮಯವಿದ್ದರೆ ಹತ್ತಿರದ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯವನ್ನೂ ನೋಡಬಹುದು. ಎರಡನ್ನೂ ನೋಡಿದವರಿಗೆ ಶತಮಾನಗಳಲ್ಲಿ ಶಿಲ್ಪಿಯ ಕೈ ಹೇಗೆ ಬದಲಾಯಿತೆಂಬುದು ತಾನಾಗಿ ತಿಳಿಯುತ್ತದೆ.

ಎರಡನೆಯ ದಿನ ನಸುಕಿನಲ್ಲಿಯೇ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ತಲುಪಬೇಕು. ಜನ ಮೋರೇರ ಗುಡ್ಡವೆನ್ನುವ ಈ ಬೆಟ್ಟದ ಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಶಿಲಾ ಸಮಾಧಿಗಳು ನಿಂತಿವೆ. ಕೆಲವು ಆಳೆತ್ತರವನ್ನೂ ಮೀರಿದ್ದು, ಅವುಗಳ ಚಪ್ಪಡಿಗಳಲ್ಲಿ ದುಂಡನೆಯ ಕಂಡಿಗಳಿವೆ. ನನ್ನ ಮಟ್ಟಿಗೆ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ನೋಟವಿಲ್ಲ. ಬಂಡೆಗಳ ನಡುವಿನ ಕಾಲುದಾರಿ ಸುಲಭವಾಗಿ ತಪ್ಪುವುದರಿಂದ ಊರಿನವರೊಬ್ಬರನ್ನು ದಾರಿ ತೋರಿಸಲು ಕರೆದುಕೊಂಡು, ಅವರಿಗೆ ನ್ಯಾಯವಾದ ಕೂಲಿ ಕೊಡಿ. ಎತ್ತರದ ಬಂಡೆಯ ಮೇಲಿರುವ ನಗಾರಿ ಕಲ್ಲನ್ನು ಬಡಿದರೆ ನಾದ ಬರುತ್ತದೆ, ಆದರೆ ಪ್ರತಿಯೊಬ್ಬರೂ ಬಡಿಯತೊಡಗಿದರೆ ಕಲ್ಲು ಉಳಿಯದು. ಇಳಿದು ಬಂದ ಮೇಲೆ ಶಕ್ತಿ ಉಳಿದಿದ್ದವರು ಅಂಜನಾದ್ರಿಯ 575 ಮೆಟ್ಟಿಲು ಹತ್ತಲಿ, ಉಳಿದವರಿಗೆ ಆನೆಗೊಂದಿಯ ಓಣಿಗಳೇ ಸಾಕು.

ಊರೊಳಗೆ ಮಕ್ಕಳೂ ಯುವಕರೂ ಅತಿಥಿಗಳೊಡನೆ ಸೆಲ್ಫಿಗಾಗಿ ಮುತ್ತಿಕೊಳ್ಳುವುದುಂಟು. ಅತಿಥಿಗಳಿಗೆ ಒಪ್ಪಿಗೆಯಿದೆಯೇ ಎಂದು ನೀವೇ ಕೇಳಿ ನೋಡಿ, ಇಲ್ಲವೆಂದರೆ ಮೃದುವಾಗಿ ತಡೆಯಿರಿ. ಅತಿಥಿಗಳು ನಮ್ಮ ಹೆಣ್ಣುಮಕ್ಕಳ, ಮನೆಗಳ ಫೋಟೊ ತೆಗೆಯುವಾಗಲೂ ಇದೇ ನಿಯಮವಿರಲಿ.

ಕೊನೆಗೆ, ಹಗಲ ಬೆಳಕಿರುವಾಗಲೇ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳಕ್ಕೆ ಬನ್ನಿ. ಚಿತ್ರಗಾರ ಮನೆತನಗಳವರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟು ಬೆರೆಸಿದ ಲೇಪ ಹಚ್ಚಿ, ಬಣ್ಣ ತುಂಬುವ ಕೆಲಸವನ್ನು ಹತ್ತಿರದಿಂದ ನೋಡಬಹುದು. ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಮಾನ್ಯತೆ ಪಡೆದ ಕಲೆಯಿದು. ಕೊಳ್ಳುವಾಗ ಅತಿಥಿಯ ಪರವಾಗಿ ನೀವು ಚೌಕಾಸಿಗೆ ಇಳಿಯಬೇಡಿ. ಒಂದು ಗೊಂಬೆಗೆ ಎಷ್ಟು ಹಂತದ ಕೆಲಸ ಹಿಡಿಯುತ್ತದೆಂದು ಕಲಾವಿದರಿಂದಲೇ ಹೇಳಿಸಿ, ನೀವು ಅದನ್ನು ಅನುವಾದಿಸಿ. ಗೊಂಬೆಯನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ವಿಮಾನದಲ್ಲಿ ಕೈಚೀಲದಲ್ಲಿಯೇ ಒಯ್ಯುವಂತೆ ತಿಳಿಸಿದರೆ ಬಣ್ಣದ ಚಕ್ಕೆ ಏಳುವುದಿಲ್ಲ.