ನಸುಕಿನಲ್ಲಿ ಪುಣೆ ಬಿಡೋರಿಗೆ

ಸಂಕ್ರಾಂತಿಗೆ ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ನಸುಕಿನಲ್ಲೇ ಕಾರು ತೆಗೆಯೋರು ಗಮನಿಸಿ. ಖಂಬಾಟ್ಕಿ ಘಾಟ್ ಹತ್ತಿರ ಮಂಜು ಸಿಕ್ಕರೆ ಹೈಬೀಮ್ ಬೇಡ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಗಾಜಿನ ಒಳಗೆ ಹಬೆ ಕಟ್ಟಿದರೆ ಬಟ್ಟೆ ಹಿಡಿದು ಒರೆಸ್ತಾ ಕೂರಬೇಡಿ. ಗಾಳಿ ಮುಂದಿನ ಗಾಜಿಗೆ ತಿರುಗಿಸಿ, ಎಸಿ ಹಾಕಿ, ರೀಸರ್ಕ್ಯುಲೇಷನ್ (ಕಾರಿನ ಒಳಗಿನ ಗಾಳಿಯನ್ನೇ ಮತ್ತೆ ಸುತ್ತಿಸೋ ಬಟನ್) ಬಂದ್ ಮಾಡಿ. ಈ ಚಳಿಯಲ್ಲಿ ಎಸಿನಾ ಅಂತ ನಮ್ಮ ಮನೆಯಲ್ಲೂ ಬೈಸಿಕೊಂಡಿದ್ದೇನೆ! ಆದರೆ ತೇವ ಹೀರೋದು ಅದೇ. ನಾಬ್ ಕೆಂಪು ಕಡೆ ತಿರುಗಿಸಿದರೆ ಬೆಚ್ಚಗೂ ಇರುತ್ತೆ. ಟೈರ್ ಗಾಳಿಯನ್ನು ತಣ್ಣಗಿದ್ದಾಗಲೇ ನೋಡಿಸಿ. ತಾಪಮಾನ ಸುಮಾರು 5–6 ಡಿಗ್ರಿ ಇಳಿದರೆ ಟೈರ್ ಒತ್ತಡ ಸುಮಾರು 1 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಕಡಿಮೆಯಾಗುತ್ತೆ. ಬ್ಯಾಟರಿಗೆ ಮೂರ್ನಾಲ್ಕು ವರ್ಷವಾಗಿದ್ದರೆ ಹಿಂದಿನ ದಿನವೇ ಟೆಸ್ಟ್ ಮಾಡಿಸಿ, ಬೆಳಿಗ್ಗೆ ಐದಕ್ಕೆ ತಳ್ಳೋಕೆ ಯಾರೂ ಸಿಗಲ್ಲ.